ಲೆಕ್ಕಕ್ಕೆ ಸಿಕ್ಕ ನಾಲ್ಕು, ಸಿಗದ ನಾಲ್ಕು

ಓದುಗರಿಗೆ ನಮಸ್ಕಾರ.

ಬೇಸಿಗೆ ಸಂಚಿಕೆ ಎಂದರೆ ಪಿಕ್‌ನಿಕ್ ಪ್ರಕಟಣೆ, ಮಕ್ಕಳ ಕನ್ನಡ ತರಗತಿಯ ರಜೆ, ಸದಸ್ಯತ್ವ ಶುಲ್ಕ ಬಾಕಿ ಇರುವವರಿಗೊಂದು ವಿನಂತಿ. ಅವೆಲ್ಲ ಒಳಪುಟಗಳಲ್ಲಿವೆ. ಈ ಪುಟವನ್ನು ಈ ಸಲ ಬೇಸ್‌ಬಾಲ್‌ಗೆ ಕೊಟ್ಟಿದ್ದೇನೆ, ಅದೂ ಈಗ ಅಸ್ತಿತ್ವದಲ್ಲೇ ಇಲ್ಲದ ತಂಡವೊಂದಕ್ಕೆ. ಮಾಂಟ್ರಿಯಲ್‌ನ ನಾವು ಬೇಳೆ, ಕರಿಬೇವು, ಸೋನಾ ಮಸೂರಿ ಎಂದು ಪಾರ್ಕ್ ಎಕ್ಸ್‌ಟೆನ್ಷನ್ ಕಡೆ ಹೋಗುತ್ತಲೇ ಇರುತ್ತೇವೆ. ಅದರ ಮಗ್ಗುಲಿಗೇ ಜಾರಿ ಪಾರ್ಕ್. ಅಲ್ಲಿನ ಟೆನಿಸ್ ಕ್ರೀಡಾಂಗಣವನ್ನು ಎಬ್ಬಿಸಿದ್ದು ಹಳೆಯ ಬೇಸ್‌ಬಾಲ್ ಮೈದಾನದ ಗ್ಯಾಲರಿಯ ಸುತ್ತ ಎನ್ನುವುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿದೆಯೋ. ಮಾಂಟ್ರಿಯಲ್ ಎಕ್ಸ್‌ಪೋಸ್ ತಂಡ 1969ರಿಂದ 1976ರವರೆಗೆ ಆಡಿದ್ದು ಅಲ್ಲೇ. ಅಮೆರಿಕದ ಗಡಿಯಾಚೆ ಬೇಸ್‌ಬಾಲ್‌ನ ಅತ್ಯುನ್ನತ ಪಂದ್ಯಾವಳಿಯಾದ ಮೇಜರ್ ಲೀಗ್‌ನ ಮೊದಲ ನೋ-ಹಿಟ್ಟರ್ ನಡೆದದ್ದೂ ಅಲ್ಲೇ.

ಬೇಸ್‌ಬಾಲ್ ಗಂಧವಿಲ್ಲದ ಕ್ರಿಕೆಟ್ ಮಂದಿಗೆ ಒಂದಿಷ್ಟು ಪೀಠಿಕೆ. ತಂಡಕ್ಕೆ ಒಂಬತ್ತು ಇನಿಂಗ್ಸ್, ಇನಿಂಗ್ಸ್‌ಗೆ ಮೂರು ಔಟ್, ಒಟ್ಟು 27. ಎಸೆಯುವವನು ಪಿಚರ್. ಓವರ್ ಮುಗಿಯಿತೆಂದು ಚೆಂಡನ್ನು ಇನ್ನೊಬ್ಬನ ಕೈಗೆ ಕೊಡುವ ಪದ್ಧತಿ ಇಲ್ಲಿಲ್ಲ. ತೋಳು ಸೋತಾಗ ಮ್ಯಾನೇಜರ್ ಬಂದು ಇಸಿದುಕೊಳ್ಳುವವರೆಗೂ ಅವನೇ ಎಸೆಯಬೇಕು. ಬ್ಯಾಟರ್ ಚೆಂಡು ಹೊಡೆದು, ಫೀಲ್ಡರ್ ಎಡವದೆಯೂ ಮೊದಲ ಬೇಸ್ (ಓಡಿ ಸುತ್ತಬೇಕಾದ ನಾಲ್ಕು ನಿಲ್ದಾಣಗಳಲ್ಲಿ ಮೊದಲನೆಯದು) ಮುಟ್ಟಿದರೆ ಅದು ಹಿಟ್. ಇಡೀ ಪಂದ್ಯದಲ್ಲಿ ಎದುರಾಳಿಗೆ ಅಂಥ ಒಂದು ಹಿಟ್ ಕೂಡ ಸಿಗದಿದ್ದರೆ ಅದು ನೋ-ಹಿಟ್ಟರ್. ಹಿಟ್ ಇಲ್ಲದಿದ್ದರೂ ಬ್ಯಾಟರ್ ಬೇಸ್ ಸೇರಬಹುದು: ಪಿಚರ್ ನಾಲ್ಕು ಬಾರಿ ಅಳತೆ ಮೀರಿ ಎಸೆದರೆ ಬಿಟ್ಟಿ ನಡಿಗೆ, ಮೈಗೆ ತಾಗಿದರೂ ಬಿಟ್ಟಿ, ಫೀಲ್ಡರ್ ಕೈಚೆಲ್ಲಿದರೂ ಸರಿ. ಈ ಯಾವ ದಾರಿಯಿಂದಲೂ ಒಬ್ಬನೂ ಬೇಸ್ ಸೇರದೆ, 27 ಮಂದಿ ಬಂದು 27 ಮಂದಿಯೂ ವಾಪಸ್ ಹೋದರೆ ಅದು ಪರ್ಫೆಕ್ಟ್ ಗೇಮ್.

ನೋ-ಹಿಟ್ಟರ್ ಕೈಗೂಡುತ್ತಿರುವಾಗ ಡಗೌಟ್‌ನಲ್ಲಿ ಆಗುವುದನ್ನು ನೋಡಬೇಕು. ಆರನೆಯ ಇನಿಂಗ್ಸ್ ದಾಟಿದ ಮೇಲೆ ಪಿಚರ್ ಪಕ್ಕ ಯಾರೂ ಕೂರುವುದಿಲ್ಲ, ಯಾರೂ ಮಾತಾಡಿಸುವುದಿಲ್ಲ. ಬೆಂಚಿನ ಒಂದು ತುದಿಯಲ್ಲಿ ಅವನೊಬ್ಬ, ಇನ್ನೊಂದು ತುದಿಯಲ್ಲಿ ಉಳಿದವರೆಲ್ಲ. ‘ನೋ-ಹಿಟ್ಟರ್’ ಎಂಬ ಮಾತೇ ಬಾಯಿಗೆ ಬರಕೂಡದು. ಬಂದರೆ ದೃಷ್ಟಿಯಾದಂತೆ. ಕಂಪ್ಯೂಟರಿನಲ್ಲಿ ಪ್ರತಿ ಚೆಂಡಿನ ಸುತ್ತು ಅಳೆಯುವ ಈ ಆಟದಲ್ಲಿ ನಮ್ಮ ಅಜ್ಜಿಯರ ಶಾಸ್ತ್ರ ಇಷ್ಟು ಗಟ್ಟಿಯಾಗಿ ನಿಂತಿರುವುದು ನನಗಂತೂ ಖುಷಿ. 1999ರ ಫೆಬ್ರವರಿಯಲ್ಲಿ ಕೋಟ್ಲಾದಲ್ಲಿ ಕುಂಬ್ಳೆ ಒಂಬತ್ತು ವಿಕೆಟ್ ಕಿತ್ತು ನಿಂತಿದ್ದಾಗ, ಆಚೆ ತುದಿಯಿಂದ ಶ್ರೀನಾಥ್ ಎಲ್ಲಿ ತನಗೆ ವಿಕೆಟ್ ಬಿದ್ದುಬಿಡುತ್ತದೋ ಎಂದು ಸ್ಟಂಪಿನಿಂದ ದೂರ ದೂರ ಎಸೆದರಲ್ಲ, ಹೆಚ್ಚುಕಡಿಮೆ ಅದೇ ಮರ್ಯಾದೆ.

ಇನ್ನು ಎಕ್ಸ್‌ಪೋಸ್. ತಂಡ ತನ್ನ ಮೊತ್ತಮೊದಲ ಪಂದ್ಯ ಆಡಿ ಹತ್ತು ದಿನ ತುಂಬಿರಲಿಲ್ಲ. 1969ರ ಏಪ್ರಿಲ್ 17, ಫಿಲಡೆಲ್ಫಿಯಾದ ಕಾನಿ ಮ್ಯಾಕ್ ಸ್ಟೇಡಿಯಂ. ಅದು ತಂಡದ ಒಂಬತ್ತನೆಯ ಪಂದ್ಯ. ಬೇರೆ ತಂಡಗಳು ಬೇಡವೆಂದು ಬಿಟ್ಟುಕೊಟ್ಟ ಆಟಗಾರರನ್ನು ಕೂಡಿಸಿ ಕಟ್ಟಿದ ತಂಡ. ಶಿಕಾಗೊ ಕಬ್ಸ್‌ನಿಂದ ಹಾಗೆ ಬಂದವನು ಬಿಲ್ ಸ್ಟೋನ್‌ಮನ್ ಎಂಬ ಸಣ್ಣಾಳು. ಅವನು ಅಂದು ಫಿಲೀಸ್ ತಂಡಕ್ಕೆ ಒಂದೂ ಹಿಟ್ ಕೊಡಲಿಲ್ಲ. ಐದು ಜನರನ್ನು ಬಿಟ್ಟಿ ನಡೆಸಿದ, ಅದು ಬೇರೆ. ರಸ್ಟಿ ಸ್ಟಾಬ್, ಕೆಂಗೂದಲಿಗಾಗಿ ಈ ಊರು ‘ಲ ಗ್ರಾಂದ್ ಒರಾಂಜ್’ ಎಂದು ಕರೆದ, ಫ್ರೆಂಚ್ ಕಲಿತು ಊರಿನವನೇ ಆಗಿಬಿಟ್ಟ ಆಟಗಾರ, ಒಂದು ಹೋಮ್ ರನ್ (ಬೇಲಿಯಾಚೆಯ ಹೊಡೆತ, ನಮ್ಮ ಸಿಕ್ಸರ್ ಇದ್ದಹಾಗೆ), ಮೂರು ಡಬಲ್ (ಎರಡನೆಯ ಬೇಸ್‌ವರೆಗೆ ಒಯ್ಯುವ ಹಿಟ್) ಬಾರಿಸಿದ. 7–0. ಇಷ್ಟು ಬೇಗ ನೋ-ಹಿಟ್ಟರ್ ಕಂಡ ಹೊಸ ತಂಡ ಇನ್ನೊಂದಿಲ್ಲ. ಆ ವರ್ಷ ಮುಗಿಯುವ ಹೊತ್ತಿಗೆ ತಂಡ ಗೆದ್ದದ್ದು 52, ಸೋತದ್ದು 110.

ನೋ-ಹಿಟ್ಟರ್‌ನ ಗಮ್ಮತ್ತು ಇರುವುದೇ ಅಲ್ಲಿ. ಅದಕ್ಕೆ ಒಳ್ಳೆಯ ತಂಡ ಬೇಕಿಲ್ಲ, ಮಹಾನ್ ಪಿಚರ್ ಕೂಡ ಬೇಕಿಲ್ಲ. ಸ್ಟೋನ್‌ಮನ್ ವೃತ್ತಿಜೀವನದಲ್ಲಿ ಗೆದ್ದದ್ದು 54, ಸೋತದ್ದು 85 (ಇಲ್ಲಿ ಪಂದ್ಯದ ಗೆಲುವು-ಸೋಲನ್ನು ಪಿಚರ್ ಹೆಸರಿಗೂ ಬರೆಯುತ್ತಾರೆ). ಆದರೂ ಅವನಿಗೆ ಒಂದಲ್ಲ, ಎರಡು! ಎರಡನೆಯದು 1972ರ ಅಕ್ಟೋಬರ್ 2ರಂದು ಜಾರಿ ಪಾರ್ಕ್‌ನಲ್ಲಿ, ನ್ಯೂಯಾರ್ಕ್ ಮೆಟ್ಸ್ ವಿರುದ್ಧ. ಮತ್ತೆ 7–0. ಈ ಸಲ ಬಿಟ್ಟಿ ನಡಿಗೆ ಏಳು. ಇತ್ತ ತಂಡದ ಇತಿಹಾಸದಲ್ಲೇ ಅತಿ ಹೆಚ್ಚು, 158 ಪಂದ್ಯ ಗೆದ್ದುಕೊಟ್ಟ ಸ್ಟೀವ್ ರಾಜರ್ಸ್‌ಗೆ ಒಂದೂ ಒಲಿಯಲಿಲ್ಲ. 1981ರಲ್ಲಿ ಡಾಡ್ಜರ್ಸ್‌ನ ರಿಕ್ ಮಂಡೇ ಹೊಡೆದ ಒಂದು ಹೋಮ್ ರನ್‌ಗಾಗಿಯೇ ರಾಜರ್ಸ್ ಹೆಸರನ್ನು ಈ ಊರು ಇಂದಿಗೂ ನೆನೆಸಿಕೊಳ್ಳುತ್ತದೆ. ವಿಶ್ವ ಸರಣಿಯ, ಅಂದರೆ ಲೀಗ್‌ನ ಅಂತಿಮ ಹಣಾಹಣಿಯ, ಬಾಗಿಲಲ್ಲಿ ನಿಂತಿದ್ದಾಗ ಬಿದ್ದ ಪೆಟ್ಟು ಅದು. ಪಾಪ.

ಜಾರಿ ಪಾರ್ಕ್ ಬಗ್ಗೆ ಇನ್ನೊಂದು ಮಾತು. 28 ಸಾವಿರ ಜನ ಹಿಡಿಸುವ, ಅವಸರದಲ್ಲಿ ಕಟ್ಟಿದ ಮೈದಾನ. ಸಂಜೆ ಪಂದ್ಯಗಳಲ್ಲಿ ಮುಳುಗುವ ಸೂರ್ಯ ನೇರ ಮೊದಲ ಬೇಸ್‌ನವನ ಕಣ್ಣಿಗೆ ಕುಕ್ಕುತ್ತಿದ್ದ; ಇನ್ನೊಬ್ಬ ಎಸೆದ ಚೆಂಡು ಅವನಿಗೆ ಕಾಣಬೇಕಲ್ಲ, ಹಾಗಾಗಿ ಸೂರ್ಯ ಇಳಿಯುವವರೆಗೆ ಆಟ ನಿಲ್ಲಿಸಿದ್ದೂ ಇದೆ. ಬಲಗಡೆ ಬೇಲಿಯಾಚೆ ಈಜುಕೊಳ. ಪಿಟ್ಸ್‌ಬರ್ಗ್‌ನ ವಿಲ್ಲಿ ಸ್ಟಾರ್ಜೆಲ್ ಹೊಡೆದ ಹೋಮ್ ರನ್ ಸೀದಾ ಆ ನೀರಿಗೆ ಬಿದ್ದು, ಕೊಳಕ್ಕೇ ಅವನ ಹೆಸರು ಅಂಟಿಕೊಂಡಿತು.

ತಂಡದ ಮೂರನೆಯ ನೋ-ಹಿಟ್ಟರ್ ಎಸೆದ ಚಾರ್ಲಿ ಲೀ ಕತೆ ಚಿಕ್ಕದು, ಚೊಕ್ಕದು. 1981ರ ಮೇ 10, ಭಾನುವಾರ, ತಾಯಂದಿರ ದಿನ, ಜಾರಿ ಪಾರ್ಕ್ ನಂತರ ತಂಡದ ತವರಾದ ಒಲಿಂಪಿಕ್ ಸ್ಟೇಡಿಯಂ. ಎದುರಾಳಿ ಸ್ಯಾನ್‌ಫ್ರಾನ್ಸಿಸ್ಕೊ ಜೈಂಟ್ಸ್, 4–0. ಈ ಫ್ರೆಂಚ್ ಊರಿಗೆ ನೋ-ಹಿಟ್ಟರ್ ತಂದುಕೊಟ್ಟವನು ಬೆಳೆದದ್ದು ಅಮೆರಿಕದಲ್ಲಾದರೂ ಹುಟ್ಟಿದ್ದು ಫ್ರಾನ್ಸ್‌ನ ಓರ್ಲಿಯಾನ್‌ನಲ್ಲಿ. ಕಾಕತಾಳೀಯ, ಆದರೆ ಎಂಥ ಕಾಕತಾಳೀಯ! ಅದಾಗಿ ಐದೇ ದಿನಕ್ಕೆ ಕ್ಲೀವ್‌ಲ್ಯಾಂಡ್‌ನಲ್ಲಿ ಲೆನ್ ಬಾರ್ಕರ್, ನಮ್ಮ ಪಕ್ಕದೂರಿನ ಟೊರೊಂಟೊ ಬ್ಲೂ ಜೇಸ್ ವಿರುದ್ಧ ಪರ್ಫೆಕ್ಟ್ ಗೇಮ್ ಎಸೆದ. ಅಂದು ಬಾರ್ಕರ್‌ನ ಚೆಂಡು ಹಿಡಿದ ಕ್ಯಾಚರ್ ರಾನ್ ಹ್ಯಾಸಿ. ಈ ಹೆಸರು ನೆನಪಿರಲಿ.

ಈಗ 1991. ಒಂದೇ ವರ್ಷದಲ್ಲಿ ಒಂದು ತಂಡಕ್ಕೆ ಏನೇನಾಗಬಹುದೋ ಅಷ್ಟೂ ಆಯಿತು. ಮೇ 23ರಂದು ತವರಿನಲ್ಲೇ ಫಿಲಡೆಲ್ಫಿಯಾದ ಟಾಮಿ ಗ್ರೀನ್ ಎಕ್ಸ್‌ಪೋಸ್‌ಗೆ ಒಂದೂ ಹಿಟ್ ಕೊಡದೆ ಹೋದ. ಅವಮಾನವಾಯಿತು ಅಂದುಕೊಳ್ಳಿ. ಜುಲೈ 26, ಶುಕ್ರವಾರ, ಲಾಸ್ ಏಂಜಲೀಸ್. ಎಕ್ಸ್‌ಪೋಸ್‌ನ ಮಾರ್ಕ್ ಗಾರ್ಡ್ನರ್ ಒಂಬತ್ತು ಇನಿಂಗ್ಸ್ ಡಾಡ್ಜರ್ಸ್‌ಗೆ ಹಿಟ್ ಕೊಡಲಿಲ್ಲ. ತೊಂದರೆ ಏನೆಂದರೆ ಅವನ ತಂಡವೂ ರನ್ ಗಳಿಸಿರಲಿಲ್ಲ. ಆಟ ಹತ್ತನೆಯ ಇನಿಂಗ್ಸ್‌ಗೆ ಹೋಯಿತು, ಅಲ್ಲಿ ಹಿಟ್‌ಗಳು ಬಂದವು, 1–0ಗೆ ಸೋತರು. ಒಂಬತ್ತು ಇನಿಂಗ್ಸ್ ಹಾಗೆ ಎಸೆದು ಸೋಲುವ ಹಣೆಬರಹ!

ಒಂದು ದಿನ ಬಿಟ್ಟು, ಜುಲೈ 28ರ ಭಾನುವಾರ, ಅದೇ ಮೈದಾನ, ಅದೇ ಎದುರಾಳಿ. ಈ ಸಲ ಪಿಚರ್ ನಿಂತು ಎಸೆಯುವ ದಿಬ್ಬದ ಮೇಲೆ ನಿಂತದ್ದು ಡೆನಿಸ್ ಮಾರ್ಟಿನೆಜ್.

ನಿಕರಾಗುವಾ ದೇಶದ ಗ್ರನಾಡಾದವನು. ಆ ದೇಶದಿಂದ ಮೇಜರ್ ಲೀಗ್‌ಗೆ ಬಂದ ಮೊದಲಿಗ. ಬಾಲ್ಟಿಮೋರ್‌ನಲ್ಲಿ ಹೆಸರು ಮಾಡಿದ, ಕುಡಿತಕ್ಕೆ ಬಿದ್ದ, ಚಿಕಿತ್ಸೆ ಪಡೆದು ಮೇಲೆದ್ದ. 1986ರಲ್ಲಿ ಎಕ್ಸ್‌ಪೋಸ್‌ಗೆ ಬಂದಾಗ ಇವನ ಕತೆ ಮುಗಿಯಿತು ಎನ್ನುವವರೇ ಹೆಚ್ಚಿದ್ದರು. ಆ ಭಾನುವಾರ ಅವನ ಎದುರು ಡಾಡ್ಜರ್ಸ್‌ನ ಮೈಕ್ ಮಾರ್ಗನ್ ಕೂಡ ಮೊದಲ ಐದು ಇನಿಂಗ್ಸ್ ಒಬ್ಬನನ್ನೂ ಬೇಸ್‌ಗೆ ಬಿಡಲಿಲ್ಲ. ಇಬ್ಬರೂ ಪರ್ಫೆಕ್ಟ್! ಏಳನೆಯದರಲ್ಲಿ ಡಾಡ್ಜರ್ಸ್ ಫೀಲ್ಡರುಗಳು ಎಡವಿದರು, ಲ್ಯಾರಿ ವಾಕರ್ ಟ್ರಿಪಲ್ ಹೊಡೆದ, ಎಕ್ಸ್‌ಪೋಸ್‌ಗೆ ಎರಡು ರನ್ ಸಿಕ್ಕಿತು. ಬೇಕಾದ್ದು ಅಷ್ಟೇ.

ಒಂಬತ್ತನೆಯ ಇನಿಂಗ್ಸ್, ಇಬ್ಬರು ಔಟ್. 45 ಸಾವಿರ ಜನ. ತಮ್ಮ ತಂಡ ಸೋಲುತ್ತಿದೆ, ಆದರೂ ಎದ್ದು ನಿಂತಿದ್ದಾರೆ. ಬದಲಿ ಬ್ಯಾಟರ್ ಆಗಿ ಬಂದವನು ಕ್ರಿಸ್ ಗ್ವಿನ್, ಮಹಾ ಬ್ಯಾಟರ್ ಟೋನಿ ಗ್ವಿನ್‌ನ ತಮ್ಮ. ಚೆಂಡು ಸೆಂಟರ್ ಫೀಲ್ಡ್ ಕಡೆ ಎತ್ತರಕ್ಕೆ ಹೋಯಿತು. ಮಾರ್ಕೀಸ್ ಗ್ರಿಸಮ್ ಹಿಂದಕ್ಕೆ ಓಡಿ ಅದರಡಿ ನಿಂತ, ಹಿಡಿದ. ಇಂಗ್ಲಿಷ್ ವೀಕ್ಷಕ ವಿವರಣೆಕಾರ ಡೇವ್ ವ್ಯಾನ್ ಹಾರ್ನ್ ಕೂಗಿದ್ದು ‘ಎಲ್ ಪ್ರೆಸಿದೆಂತೆ, ಎಲ್ ಪೆರ್ಫೆಕ್ಟೊ!’ ಮಾರ್ಟಿನೆಜ್‌ನ ಅಡ್ಡಹೆಸರೇ ‘ಅಧ್ಯಕ್ಷ’. ಇಂಗ್ಲಿಷ್ ವರದಿಗಾರ, ಫ್ರೆಂಚ್ ಊರಿನ ತಂಡ, ಕೂಗು ಸ್ಪ್ಯಾನಿಷ್‌ನಲ್ಲಿ. ಇತ್ತ ಫ್ರೆಂಚ್ ಕೇಳುಗರಿಗೆ ಜಾಕ್ ಡೂಸೆ ಇದ್ದ. 1972ರಿಂದ ತಂಡದ ಕೊನೆಯ ಋತುವಿನವರೆಗೆ ರೇಡಿಯೊದಲ್ಲಿ ಅವನದೇ ದನಿ. ಮಾರ್ಟಿನೆಜ್ ಡಗೌಟ್‌ನಲ್ಲಿ ಕೂತು ಅತ್ತುಬಿಟ್ಟ. ಅವನ ಕ್ಯಾಚರ್ ಯಾರು ಗೊತ್ತೇ? ರಾನ್ ಹ್ಯಾಸಿ. ಎರಡು ಪರ್ಫೆಕ್ಟ್ ಗೇಮ್ ಹಿಡಿದ ಕ್ಯಾಚರ್ ಇತಿಹಾಸದಲ್ಲಿ ಅವನೊಬ್ಬನೇ.

ಡಾಡ್ಜರ್ಸ್ ಆ ವರ್ಷ ತಮ್ಮ ವಿಭಾಗದ ಪಟ್ಟ ಕಳೆದುಕೊಂಡದ್ದು ಒಂದೇ ಒಂದು ಪಂದ್ಯದ ಅಂತರದಲ್ಲಿ. ಆ ಭಾನುವಾರವನ್ನು ಅವರು ಎಷ್ಟು ಸಲ ನೆನೆಸಿಕೊಂಡರೋ. ಎಕ್ಸ್‌ಪೋಸ್ ಕೂಡ ಮೆರೆಯಲಿಲ್ಲ ಬಿಡಿ: 71 ಗೆಲುವು, 90 ಸೋಲು, ವಿಭಾಗದಲ್ಲಿ ಕೊನೆ. ಅದು ಸಾಲದೆಂಬಂತೆ ಸೆಪ್ಟೆಂಬರ್ 13ರಂದು ಒಲಿಂಪಿಕ್ ಸ್ಟೇಡಿಯಂನ 55 ಟನ್ನಿನ ಕಾಂಕ್ರೀಟ್ ತೊಲೆಯೇ ಕಳಚಿ ಬಿತ್ತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಉಳಿದ ತವರಿನ ಪಂದ್ಯಗಳನ್ನೆಲ್ಲ ಪರಊರಲ್ಲಿ ಆಡಬೇಕಾಯಿತು.

ನನ್ನ ತಕರಾರು ಇರುವುದು ಅದೇ ಸೆಪ್ಟೆಂಬರಿನ 4ರಂದು ನಡೆದದ್ದರ ಬಗ್ಗೆ. ಮೇಜರ್ ಲೀಗ್‌ನ ಮುಖ್ಯಸ್ಥ, ಕಮಿಷನರ್ ಫೇ ವಿನ್ಸೆಂಟ್ ಅಧ್ಯಕ್ಷತೆಯ ಸಮಿತಿ ಕೂತು ನೋ-ಹಿಟ್ಟರ್‌ಗೆ ಹೊಸ ವ್ಯಾಖ್ಯೆ ಬರೆಯಿತು: ಕನಿಷ್ಠ ಒಂಬತ್ತು ಇನಿಂಗ್ಸ್ ಆಗಿರಬೇಕು, ಪಂದ್ಯ ಮುಗಿಯುವವರೆಗೂ ಹಿಟ್ ಇರಬಾರದು. ಹಿಂದಿನದಕ್ಕೂ ಇದೇ ಅನ್ವಯ. ಒಂದು ಸಭೆಯಲ್ಲಿ ಐವತ್ತರ ಆಸುಪಾಸಿನ ನೋ-ಹಿಟ್ಟರ್‌ಗಳು ದಾಖಲೆ ಪುಸ್ತಕದಿಂದ ಹೊರಬಿದ್ದವು. 1959ರಲ್ಲಿ ಹನ್ನೆರಡು ಇನಿಂಗ್ಸ್ ಪರ್ಫೆಕ್ಟ್ ಆಗಿ ಎಸೆದು ಹದಿಮೂರನೆಯದರಲ್ಲಿ ಸೋತ ಪಿಟ್ಸ್‌ಬರ್ಗ್‌ನ ಹಾರ್ವಿ ಹ್ಯಾಡಿಕ್ಸ್‌ನದೂ ಹೋಯಿತು. ಎಕ್ಸ್‌ಪೋಸ್‌ಗೆ ಮೂರು ಕಡಿತ.

ಮೊದಲನೆಯದು ಡೇವಿಡ್ ಪಾಮರ್‌ನದು. 1984ರ ಏಪ್ರಿಲ್ 21, ಸೇಂಟ್ ಲೂಯಿಸ್. ಐದು ಇನಿಂಗ್ಸ್, 15 ಬ್ಯಾಟರ್, 15 ಔಟ್, ಆಮೇಲೆ ಮಳೆ. ಎರಡನೆಯದು ಪಾಸ್ಕುಯಲ್ ಪೆರೆಜ್‌ನದು, 1988ರ ಸೆಪ್ಟೆಂಬರ್ 24, ಫಿಲಡೆಲ್ಫಿಯಾ, 1–0. ಅದಕ್ಕೂ ಐದು ಇನಿಂಗ್ಸ್ ಕಳೆದ ಮೇಲೆ ಮಳೆ. (ಈ ಪೆರೆಜ್ ಹಿಂದೆ ಅಟ್ಲಾಂಟಾ ತಂಡದಲ್ಲಿದ್ದಾಗ ಮೈದಾನದ ತಿರುವು ಸಿಗದೆ ವರ್ತುಲ ರಸ್ತೆಯಲ್ಲಿ ಸುತ್ತು ಹೊಡೆಯುತ್ತಾ ತನ್ನದೇ ಪಂದ್ಯ ತಪ್ಪಿಸಿಕೊಂಡವನು. ಔಟರ್ ರಿಂಗ್ ರೋಡ್ ಬಲ್ಲ ಬೆಂಗಳೂರಿಗರು ನಗಬಾರದು.) ಈ ಎರಡನ್ನು ತೆಗೆದದ್ದು ಸರಿಯೇ. ಐದು ಇನಿಂಗ್ಸ್‌ಗೆ ಪಂದ್ಯದ ಫಲಿತಾಂಶ ಸಿಗಬಹುದು, ಆದರೆ ನೋ-ಹಿಟ್ಟರ್‌ನ ಎದೆಬಡಿತ ಶುರುವಾಗುವುದೇ ಆರನೆಯದರ ನಂತರ. ಮೂರನೆಯದು ಗಾರ್ಡ್ನರ್‌ನದು, ಆರು ವಾರವೂ ಬಾಳಲಿಲ್ಲ. ಅಲ್ಲಿ ಕೊನೆಗೆ ಹಿಟ್ ಬಿತ್ತು, ತಂಡ ಸೋತಿತು. ಮರುಕ ಇದೆ, ಒಪ್ಪಿಕೊಳ್ಳೋಣ.

ಒಪ್ಪಲಾಗದ್ದು ನಾಲ್ಕನೆಯದು. ಅದು ಹೊಸ ನಿಯಮದಡಿಯಲ್ಲೇ ನಡೆದದ್ದು, ಹಾಗಾಗಿ ಪುಸ್ತಕಕ್ಕೆ ಸೇರಲೇ ಇಲ್ಲ. 1995ರ ಜೂನ್ 3, ಸ್ಯಾನ್ ಡಿಯಾಗೊ. ಪೆದ್ರೊ ಮಾರ್ಟಿನೆಜ್, ಡೊಮಿನಿಕನ್ ಗಣರಾಜ್ಯದ ತೆಳ್ಳಗಿನ ಹುಡುಗ, ಡೆನಿಸ್‌ಗೆ ನೆಂಟನಲ್ಲ. ಹಿಂದಿನ ವರ್ಷದ ಏಪ್ರಿಲ್‌ನಲ್ಲಿ ಸಿನ್ಸಿನಾಟಿ ವಿರುದ್ಧ ಎಂಟನೆಯ ಇನಿಂಗ್ಸ್‌ವರೆಗೆ ಪರ್ಫೆಕ್ಟ್ ಆಗಿದ್ದವನು ರೆಜಿ ಸ್ಯಾಂಡರ್ಸ್‌ನ ಮೈಗೆ ಚೆಂಡು ತಾಗಿಸಿದ್ದ. ಬೇಕೆಂದೇ ಹೊಡೆದನೆಂದು ಸ್ಯಾಂಡರ್ಸ್ ಜಗಳಕ್ಕೆ ಓಡಿಬಂದ! ತನ್ನ ಪರ್ಫೆಕ್ಟ್ ಗೇಮ್ ತಾನೇ ಕೆಡಿಸಿಕೊಳ್ಳುವ ಮೂರ್ಖ ಯಾರಿದ್ದಾನೆ? ಸ್ಯಾನ್ ಡಿಯಾಗೊದಲ್ಲಿ ಆ ಅಡ್ಡಿಯೂ ಬರಲಿಲ್ಲ. ಒಂಬತ್ತು ಇನಿಂಗ್ಸ್, 27 ಬ್ಯಾಟರ್, 27 ಔಟ್. ಆದರೆ ಎಕ್ಸ್‌ಪೋಸ್ ಸ್ಕೋರು ಸೊನ್ನೆ. ಹತ್ತನೆಯದರಲ್ಲಿ ಹೇಗೋ ಒಂದು ರನ್ ಬಂತು. ಪೆದ್ರೊ ಮತ್ತೆ ದಿಬ್ಬ ಹತ್ತಿದ. ಮೊದಲು ಬಂದ ಬಿಪ್ ರಾಬರ್ಟ್ಸ್ ಡಬಲ್ ಹೊಡೆದ. ಮ್ಯಾನೇಜರ್ ಫೆಲಿಪೆ ಅಲೂ ಚೆಂಡು ಇಸಿದುಕೊಂಡ, ಮೆಲ್ ರೋಹಸ್ ಬಂದು ಉಳಿದ ಮೂವರನ್ನು ಮುಗಿಸಿದ. ಗೆಲುವು 1–0.

ಎಸೆದವನು ಮಾಡಬೇಕಾದ್ದನ್ನೆಲ್ಲ ಮಾಡಿದ್ದ. ಅವನ ಬ್ಯಾಟರುಗಳು ಸಮಯಕ್ಕೆ ಸರಿಯಾಗಿ ಒಂದು ರನ್ ತಂದಿದ್ದರೆ ಅದೇ 27 ಔಟ್‌ಗಳು ಪುಸ್ತಕದಲ್ಲಿ ಡೆನಿಸ್ ಪಕ್ಕ ಕೂರುತ್ತಿದ್ದವು. ಸಮಿತಿಯ ವಾದ ನನಗೆ ಅರ್ಥವಾಗುತ್ತದೆ: ಪಂದ್ಯದಲ್ಲಿ ಹಿಟ್ ಆಗಿದೆ, ಹಿಟ್ ಆಗಿಲ್ಲ ಎನ್ನುವುದು ಹೇಗೆ? ಆದರೂ 27ಕ್ಕೆ 27 ತೆಗೆದು ಗೆದ್ದವನಿಗೆ ಏನೂ ಇಲ್ಲ, ಏಳು ಜನರನ್ನು ಬಿಟ್ಟಿ ನಡೆಸಿದವನಿಗೆ ಒಂದು ಸಾಲು ಉಂಟು ಎಂದರೆ ಅಳತೆಗೋಲಿನಲ್ಲೇ ಏನೋ ಐಬಿದೆ. ಪೆದ್ರೊ ಆಮೇಲೆ ಬಾಸ್ಟನ್‌ಗೆ ಹೋದ, ದಿಗ್ಗಜನಾದ, 2015ರಲ್ಲಿ ಹಾಲ್ ಆಫ್ ಫೇಮ್ ಸೇರಿದ. ಲೆಕ್ಕಕ್ಕೆ ಸಿಗುವ ನೋ-ಹಿಟ್ಟರ್ ಮಾತ್ರ ಅವನ ಹೆಸರಲ್ಲಿ ಒಂದೂ ಇಲ್ಲ.

ಹೀಗೆ ಪುಸ್ತಕದಲ್ಲಿ ನಾಲ್ಕು, ಹೊರಗೆ ನಾಲ್ಕು. ಎಕ್ಸ್‌ಪೋಸ್ ವಿರುದ್ಧ ಬೇರೆಯವರು ಎಸೆದದ್ದೂ ನಾಲ್ಕೇ: 1976ರಲ್ಲಿ ಹ್ಯೂಸ್ಟನ್‌ನ ಲ್ಯಾರಿ ಡೀರ್ಕರ್, 1983ರಲ್ಲಿ ಸೇಂಟ್ ಲೂಯಿಸ್‌ನ ಬಾಬ್ ಫೋರ್ಷ್, ಆಗಲೇ ಹೇಳಿದ ಗ್ರೀನ್, ಮತ್ತೆ 1999ರ ಜುಲೈ 18ರಂದು ಯಾಂಕೀಸ್‌ನ ಡೇವಿಡ್ ಕೋನ್. ಈ ಕೊನೆಯದು ಪರ್ಫೆಕ್ಟ್ ಗೇಮ್. ಅಂದು ಯಾಂಕೀ ಸ್ಟೇಡಿಯಂನಲ್ಲಿ ಯೋಗಿ ಬೆರಾ ಸನ್ಮಾನ. 1956ರ ವಿಶ್ವ ಸರಣಿಯಲ್ಲಿ ಪರ್ಫೆಕ್ಟ್ ಗೇಮ್ ಎಸೆದ ಡಾನ್ ಲಾರ್ಸನ್, ಅಂದಿನ ತನ್ನ ಕ್ಯಾಚರ್ ಬೆರಾಗೆ ಮೊದಲ ಚೆಂಡೆಸೆದು ಹೋಗಿ ಕೂತ. ಆಮೇಲೆ ಕೋನ್ 88 ಎಸೆತಗಳಲ್ಲಿ ಎಕ್ಸ್‌ಪೋಸ್‌ನ ಕತೆ ಮುಗಿಸಿದ. ಬೇರೆಯವರ ಹಬ್ಬಕ್ಕೆ ಬಲಿಯಾಗುವುದರಲ್ಲಿ ನಮ್ಮ ತಂಡ ಪಳಗಿತ್ತು.

ಆ ತಂಡಕ್ಕೆ ಒಂದು ವಿಶ್ವ ಸರಣಿಯೂ ದಕ್ಕಲಿಲ್ಲ. 1994ರಲ್ಲಿ 74 ಗೆಲುವು, 40 ಸೋಲಿನೊಂದಿಗೆ ಇಡೀ ಲೀಗ್‌ನಲ್ಲಿ ಎಲ್ಲರಿಗಿಂತ ಮುಂದಿದ್ದಾಗ ಆಗಸ್ಟ್‌ನಲ್ಲಿ ಆಟಗಾರರ ಮುಷ್ಕರವಾಗಿ ಋತುವೇ ನಿಂತುಹೋಯಿತು. ನಂತರ ಒಳ್ಳೆಯ ಆಟಗಾರರನ್ನು ಒಬ್ಬೊಬ್ಬರನ್ನಾಗಿ ಮಾರಿದರು. 2003, 2004ರಲ್ಲಿ ತವರಿನ ಕೆಲವು ಪಂದ್ಯಗಳನ್ನು ಪೋರ್ಟೊರಿಕೊದಲ್ಲಿ ಆಡಿಸಿದರು. 2004ರ ಸೆಪ್ಟೆಂಬರ್ 29ರಂದು ಒಲಿಂಪಿಕ್ ಸ್ಟೇಡಿಯಂನಲ್ಲಿ ಕೊನೆಯ ಪಂದ್ಯ, ಫ್ಲಾರಿಡಾ ಮಾರ್ಲಿನ್ಸ್ ವಿರುದ್ಧ 9–1 ಸೋಲು. ತಂಡ ವಾಷಿಂಗ್ಟನ್‌ಗೆ ಹೋಗುತ್ತದೆ ಎಂಬ ಘೋಷಣೆ ಅದೇ ದಿನ ಬಂತು. ಇಷ್ಟೆಲ್ಲದರ ನಡುವೆ ನೋ-ಹಿಟ್ಟರ್‌ಗೆ ಈ ಊರಿನ ಹಳಬರು ಯಾಕಿಷ್ಟು ಅಂಟಿಕೊಂಡಿದ್ದಾರೆ ಎಂದರೆ, ಅದು ಒಂದೇ ದಿನದಲ್ಲಿ ಶುರುವಾಗಿ ಅದೇ ದಿನ ಮುಗಿದ ಕೆಲಸ. ಮುಷ್ಕರಕ್ಕೆ, ಮಾಲೀಕರಿಗೆ, ಕಳಚಿದ ತೊಲೆಗೆ ಅದನ್ನು ಅರ್ಧಕ್ಕೆ ನಿಲ್ಲಿಸಲು ಆಗಲಿಲ್ಲ.

ಕಾಗದದ ಪ್ರಕಾರ ಆ ನಾಲ್ಕೂ ಈಗ ವಾಷಿಂಗ್ಟನ್ ನ್ಯಾಷನಲ್ಸ್ ಆಸ್ತಿ. 2014ರಲ್ಲಿ ಜೋರ್ಡನ್ ಝಿಮ್ಮರ್‌ಮನ್, 2015ರಲ್ಲಿ ಮ್ಯಾಕ್ಸ್ ಶರ್ಜರ್ ಎರಡು ಬಾರಿ ಎಸೆದಾಗ, ಪಟ್ಟಿಯಲ್ಲಿ ಅವರು ಕೂತದ್ದು ಸ್ಟೋನ್‌ಮನ್, ಲೀ, ಡೆನಿಸ್ ಮಾರ್ಟಿನೆಜ್‌ರ ಕೆಳಗೆ. ಆದರೆ ಮಾಂಟ್ರಿಯಲ್ ಗೌರವಪೂರ್ವಕ ನಿವೃತ್ತಿಗೊಳಿಸಿದ್ದ ಅಂಗಿ ಸಂಖ್ಯೆಗಳಾದ 8, 10, 30ನ್ನು ವಾಷಿಂಗ್ಟನ್ ಹೊಸಬರಿಗೆ ಹಂಚಿಬಿಟ್ಟಿತು. ದಾಖಲೆ ಬೇಕು, ನೆನಪು ಬೇಡ ಎಂದಂತಾಯಿತಲ್ಲ? ಆ ಸಂಖ್ಯೆಗಳ ಬ್ಯಾನರನ್ನು 2005ರಲ್ಲಿ ಮೇಲೇರಿಸಿದ್ದು ಇಲ್ಲಿನ ಹಾಕಿ ಅಂಗಳ ಬೆಲ್ ಸೆಂಟರ್‌ನಲ್ಲಿ.

ನನ್ನ ಪಟ್ಟಿಯಲ್ಲಿ ಐದಿವೆ: ಪುಸ್ತಕದ ನಾಲ್ಕು, ಜೊತೆಗೆ ಪೆದ್ರೊನದು. ಮಳೆಯ ಎರಡನ್ನೂ ಸೇರಿಸಬೇಕು, ಗಾರ್ಡ್ನರ್‌ಗೂ ನ್ಯಾಯ ಸಿಗಬೇಕು ಎನ್ನುವ ಸದಸ್ಯರು ದಯವಿಟ್ಟು ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಅರ್ಧ ಪುಟ ಬಿಟ್ಟುಕೊಡುತ್ತೇನೆ. ಪೆದ್ರೊನನ್ನು ಕೈಬಿಡಬೇಕು ಎನ್ನುವವರು ಪಿಕ್‌ನಿಕ್‌ನಲ್ಲಿ ಸಿಗಿ, ಅದನ್ನು ಅಲ್ಲೇ ಮುಖಾಮುಖಿ ಬಗೆಹರಿಸಿಕೊಳ್ಳೋಣ.

— ಸಂಪಾದಕ